ಕಲ್ಲಮ್ಮನ ಎಮ್ಮೆಯೂ ನನ್ನ ಲೈಸೆನ್ಸೂ

ಮುತ್ತಿನಕೊಪ್ಪ,
೧೯೩೮ನೆಯ ಇಸವಿ, ಕಾರ್ತಿಕ ಮಾಸ

ಅರ್ಜಿಬರಹಗಾರರ ನಡತೆಯನ್ನು ವಿಚಾರಿಸುವ ಘನ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯ ಮೆಟ್ಟಿಲನ್ನು ನಾನು ಹತ್ತಕೂಡದೆಂದು ತಾವೇ ಅಪ್ಪಣೆ ಮಾಡಿರುವುದರಿಂದ ಪತ್ರಿಕೆಯ ಮೂಲಕ ದೂರದಿಂದಲೇ ಕೈಮುಗಿಯುತ್ತಿದ್ದೇನೆ. ತಾವು ಕ್ಷೇಮವೆಂದು ಕೇಳಿ ಸಂತೋಷವಾಯಿತು. ನನ್ನ ಕ್ಷೇಮವನ್ನು ಅಮಾನತ್ತಿನಲ್ಲಿಟ್ಟವರು ತಾವೇ ಆದ್ದರಿಂದ ಅದರ ವರ್ತಮಾನ ಬೇರೆ ತಿಳಿಸಬೇಕಾಗಿಲ್ಲ.

ಓದುಬರಹ ಬಾರದವರ ಅರ್ಜಿಗಳನ್ನು ಸರ್ಕಾರಿ ಲೈಸೆನ್ಸು ಪಡೆದು ಕಚೇರಿಯ ಜಗಲಿಯಲ್ಲಿ ಕೂತು ಬರೆದು ಹೊಟ್ಟೆ ಹೊರೆದವನು ನಾನು. ಜನ ಬೈದದ್ದನ್ನು 'ಬಿನ್ನವಿಸಿದೆ' ಎಂದೂ ಹಲ್ಲು ಕಡಿದದ್ದನ್ನು 'ಪಾದಾರವಿಂದಗಳಲ್ಲಿ ಮೊರೆಯಿಟ್ಟೆ' ಎಂದೂ ತಿದ್ದುವುದು ನಮ್ಮ ಕಸುಬಿನ ವಾಡಿಕೆ. ಆದರೆ ಅರ್ಜಿದಾರರು ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯತಕ್ಕದ್ದೆಂಬ ನಿಯಮವನ್ನು ತಾವು ಹೋದ ವರ್ಷ ನಮಗೆಲ್ಲ ಓದಿ ಹೇಳಿ ರುಜು ಹಾಕಿಸಿಕೊಂಡಿರಿ. ಮಂಕುದಿಣ್ಣೆಯಾದ ನಾನು ಅದನ್ನು ನಂಬಿಬಿಟ್ಟೆ.

ನಮ್ಮೂರ ಕಲ್ಲಮ್ಮ ಒಬ್ಬಂಟಿ ಹೆಂಗಸು, ಒಂದೇ ಎಮ್ಮೆಯ ಹಾಲುಮಜ್ಜಿಗೆಯಲ್ಲಿ ಬದುಕುತ್ತಿದ್ದವಳು. ರಸ್ತೆ ಮಾಡಲು ಸರ್ಕಾರದವರು ಬಂಡೆಗೆ ಮದ್ದಿಟ್ಟು ಸಿಡಿಸಿದಾಗ ಹಾರಿಬಂದ ಕಲ್ಲು ತಲೆಗೆ ಬಡಿದು ಆ ಎಮ್ಮೆ ನಿಂತಲ್ಲೇ ಸತ್ತಿತು. ಬದಲಿಗೆ ಒಂದೆಮ್ಮೆ ಕೊಡಿಸಿರೆಂದು ಅರ್ಜಿ ಬರೆಸಲು ಬಂದವಳು ಹೇಳಿದ್ದಿಷ್ಟು: "ಮದ್ದು ಇಟ್ಟೋರಿಗೆ ಕಣ್ಣಿರ್ಲಿಲ್ಲ, ಹೋಗ್ಲಿ. ಬಾಯಿ ಇತ್ತಲ್ಲ ಮಾರಾಯ್ರೆ? ದೂರ ಹೋಗಿ ಅಂತ ಒಂದ್ಸಲ ಕೂಗಿದ್ರೆ ಎಮ್ಮೆ ಹೊಡ್ಕೊಂಡು ಹೋಗ್ತಿರ್ಲಿಲ್ವಾ ನಾನು?" ನಾನು ಹಾಗೆಯೇ ಬರೆದೆ. 'ಮಾರಾಯ್ರೆ' ಎಂಬುದು ಸರ್ಕಾರದ ಘನತೆಗೆ ಕುಂದೆಂದು ತಾವು ಅರ್ಜಿಯನ್ನು ವಜಾ ಮಾಡಿ, ನನ್ನ ಲೈಸೆನ್ಸನ್ನೂ ಅಮಾನತ್ತು ಮಾಡಿದಿರಿ. ಎಮ್ಮೆಯ ಸುದ್ದಿಯನ್ನೇ ಎತ್ತದೆ ಅಷ್ಟುದ್ದದ ಹುಕುಂ ಬರೆಯುವುದು ಸಾಮಾನ್ಯರ ಕೈಲಾಗದು. ಕಸುಬಿನವನಾಗಿ ನಾನು ತಲೆದೂಗಿದೆ.

ಕೊಪ್ಪದ ವಕೀಲರಾದ ತ್ರ್ಯಂಬಕ ರಾಯರನ್ನು ಕಂಡು ದಾವೆ ಹೂಡಬಹುದೇ ಎಂದು ಕೇಳಿದೆ. ಸರ್ಕಾರ ಸದುದ್ದೇಶದಿಂದ ಮಾಡಿದ್ದಕ್ಕೆ ದಾವೆ ನಡೆಯದು, ನಡೆಸಲೇಬೇಕೆಂದರೆ ಸರ್ಕಾರದ ಒಪ್ಪಿಗೆಯನ್ನೇ ಕೇಳಬೇಕು ಎಂದರು. ನನಗೆ ಜ್ಞಾನೋದಯವಾಯಿತು. ಕಲ್ಲು ಹಾರಿದ್ದು ಸದುದ್ದೇಶದಿಂದ, ಹುಕುಂ ಹೊರಟದ್ದೂ ಸದುದ್ದೇಶದಿಂದ. ದುರುದ್ದೇಶವಿದ್ದದ್ದು ಅಡ್ಡ ನಿಂತ ಎಮ್ಮೆಗೆ ಮತ್ತು ಕೇಳಿದ್ದನ್ನು ಬರೆದ ನನಗೆ ಮಾತ್ರ. ಕೊನೆಗೆ ನಾನೇ ಬರೆದು ಕಳಿಸಿದ ಅಪೀಲು, ಅದನ್ನು ಕೇಳಬೇಕಾದವರೂ ತಾವೇ ಆದ್ದರಿಂದ, 'ಅಮಾನತ್ತಾದ ಕೈಬರಹ, ಸ್ವೀಕರಿಸತಕ್ಕದ್ದಲ್ಲ' ಎಂಬ ಹಿಂಬರಹ ಹೊತ್ತು ಬಹು ಬೇಗ ಮನೆಗೆ ಬಂತು.

ಹೀಗಾಗಿ ಕೆಲವು ಸಣ್ಣ ಕೋರಿಕೆಗಳು. ಇದೇ ಕೈಯಲ್ಲಿ ಉಣ್ಣುತ್ತೇನಾದ್ದರಿಂದ ಅದರ ಎಷ್ಟು ಭಾಗ ಅಮಾನತ್ತಿನಲ್ಲಿದೆಯೆಂದು ತಿಳಿಸಬೇಕು. ಸರ್ಕಾರಿ ಬಂಡೆಗಳಿಗೂ ಲೈಸೆನ್ಸು ಕೊಟ್ಟು, ಹೇಳದೆ ಕೇಳದೆ ಹಾರಿದವುಗಳ ನಡತೆಯನ್ನು ತಾವೇ ವಿಚಾರಿಸಬೇಕು. ಹಾರಿಬರುವ ಕಲ್ಲಿನ ಸದುದ್ದೇಶವನ್ನು ದೂರದಿಂದಲೇ ಗುರುತಿಸುವ ವಿದ್ಯೆಯನ್ನು ನಮ್ಮ ಸೀಮೆಯ ಎಮ್ಮೆಗಳಿಗೆ ಕಲಿಸಲು ಒಬ್ಬ ಮೇಷ್ಟರನ್ನು ನೇಮಿಸಬೇಕು. ಕಲ್ಲಮ್ಮ ಈಗಲೂ ಬೆಳಿಗ್ಗೆ ಎದ್ದವಳೇ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋಗುತ್ತಾಳೆ, ನೆನಪಾಗಿ ಹಿಂದಿರುಗುತ್ತಾಳೆ. ಅದನ್ನು ನೋಡಿ ನನಗೆ ಸಿಟ್ಟು ಬರುತ್ತದೆ, ಮಾನ್ಯರೇ. ಸಿಟ್ಟಿಗೆ ತಮ್ಮ ನಿಯಮದಲ್ಲಿ ಜಾಗವಿದ್ದರೆ ಇದನ್ನೂ ಸೇರಿಸಿಕೊಳ್ಳಿ.

ಲೈಸೆನ್ಸು ಹೋದರೂ ವಿಶ್ವಾಸ ಬಿಡದ
ತಮ್ಮ ವಿಶ್ವಾಸಿ,
ಮರುಳಸಿದ್ದಪ್ಪ

ಮರೆತ ಮಾತು: ಅಕ್ಷರ ಕಲಿಸಲು ಲೈಸೆನ್ಸು ಬೇಕಿಲ್ಲವೆಂದು ತಿಳಿದುಬಂದದ್ದರಿಂದ ಕಲ್ಲಮ್ಮನಿಗೆ ಕಲಿಸತೊಡಗಿದ್ದೇನೆ. ಆಕೆಯ ಅರ್ಜಿಯೂ ನನ್ನ ಅಪೀಲೂ ಇನ್ನು ಆಕೆಯ ಕೈಯಲ್ಲೇ, ಆಕೆಯ ಮಾತಿನಲ್ಲೇ ತಮ್ಮ ಮೇಜಿಗೆ ಬರಲಿವೆ. 'ಮಹಾಪ್ರಭುಗಳು' ಎಂದು ಬರೆಯುವುದನ್ನು ಹೇಳಿಕೊಡಲು ಹೋದೆ. "ಅದೆಲ್ಲ ಎಂತಕ್ಕೆ? ಎಮ್ಮೆ ಅಂತ ಬರೆಯೋದು ಹೇಳ್ಕೊಡಿ. ನಿಮ್ಮ ಲೈಸೆನ್ಸು ಆಮೇಲೆ ನೋಡಣ" ಎಂದಳು.