ಮಹಾಂತೇಶನ ಕರ್ನಲ್

ಆ ಬೆಳಿಗ್ಗೆ ಭೀಮೇಶ್ ಘೋರ ಪ್ರತಿಜ್ಞೆ ಮಾಡಿದ: ಜಗಳೂರಿನ ತನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನು ಮಹಾಂತೇಶನ ಗುರುತು ಎಳ್ಳಷ್ಟೂ ಉಳಿಯಕೂಡದು!

ಮಹಾಂತೇಶ್ ಎಂದರೆ ಹೆಂಡತಿ ದುರ್ಗಾಂಬಿಕಾಳ ಸೋದರತ್ತೆಯ ಮಗ. ಚನ್ನಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ವರಸೆಯ ಪ್ರಕಾರ ಅವಳನ್ನು ಕಟ್ಟಿಕೊಳ್ಳಬೇಕಿದ್ದವನು ಅವನೇ. ಜಾತಕ ಕೂಡಲಿಲ್ಲ, ಅವಳು ಭೀಮೇಶನ ಪಾಲಾದಳು. ಆದರೆ ಹೋದ ತಿಂಗಳು ಅವನ ಅಂಗಡಿಯಲ್ಲಿ ಈ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿಕೊಂಡು ಬಂದಾಗಿನಿಂದ, "ನಮ್ಮ ಮಾಂತು ಅಂಗಡೀದು ಅಂದ್ರೆ ಸುಮ್ನೆ ಅಲ್ಲ, ವೈರಸ್ ಹತ್ರ ಸುಳಿಯಲ್ಲ" ಎಂದು ಅವಳು ಮೂರು ಹೊತ್ತೂ ಹೊಗಳುತ್ತಿದ್ದಳು. ಭೀಮೇಶನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

"ಇವತ್ತು ಕರ್ನಲ್ ಅಪ್‌ಗ್ರೇಡ್ ಮಾಡ್ತೀನಿ ಕಣೆ. ಕಂಪ್ಯೂಟರಿನ ಜೀವಾನೇ ಅದು. ಹಳೇದು ಕಿತ್ತಾಕಿ ಹೊಸಾದು ಕೂರಿಸ್ತೀನಿ!"

"ಮಾಂತುನ್ನ ಒಂದ್ಮಾತು ಕೇಳ್ರಿ. ತಿಪ್ಪೇಶಪ್ಪನೋರು ಮಗಳ ಲಗ್ನಪತ್ರಿಕೆ ಒಯ್ಯಾಕೆ ಹನ್ನೆರಡಕ್ಕೆ ಬರ್ತಾರೆ."

"ಅವನ್ನ ಯಾಕೆ ಕೇಳ್ಬೇಕು? ಅವನಿಗೇನು ಕೊಂಬು ಐತಾ?"

ಡಿಸ್ಕಿನಲ್ಲಿ ಜಾಗ ಸಾಲದು ಎಂದಿತು ಕಂಪ್ಯೂಟರ್. ಬುದ್ಧಿ ಇದ್ದವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಭೀಮೇಶ್ ಮಾತ್ರ ಮಹಾಂತೇಶ್ ಹಾಕಿದ್ದ ಹಳೆಯ ಕರ್ನಲ್ಲನ್ನು ಹುಡುಕಿ, ಹಲ್ಲು ಕಡಿದು ಅಳಿಸಿದ. ಆಹಾ, ಎಂಥ ನೆಮ್ಮದಿ! ಹೊಸದು ಪೂರ್ತಿ ಇಳಿಯಿತೋ ಇಲ್ಲವೋ ನೋಡುವ ತಾಳ್ಮೆ ಯಾರಿಗಿದೆ? ರೀಸ್ಟಾರ್ಟ್ ಒತ್ತಿದ.

ಪರದೆ ಕಪ್ಪಾಯಿತು. ಕರ್ನಲ್ಲನ್ನು ಹುಡುಕಿ ಎಬ್ಬಿಸಬೇಕಾದ ಬೂಟ್ ಲೋಡರ್ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕೈಚೆಲ್ಲಿತು: ಕರ್ನಲ್ಲೇ ಇಲ್ಲ, ಏನನ್ನು ಎಬ್ಬಿಸಲಿ? ಭೀಮೇಶ್ ಆಫ್ ಮಾಡಿದ, ಆನ್ ಮಾಡಿದ, ವೈರು ಕಿತ್ತು ಊದಿದ, ಊದುಬತ್ತಿಯನ್ನೂ ಬೆಳಗಿದ. ಮತ್ತೆ ಅದೇ ಸಾಲು!

ಹನ್ನೊಂದಕ್ಕೇ ತಿಪ್ಪೇಶಪ್ಪ ಬಂದು ಕುರ್ಚಿ ಹಿಡಿದರು. "ಇನ್ನೂ ಎಷ್ಟೊತ್ತಪ್ಪಾ?"

"ಮಿಷನ್ ಬಿಸಿ ಆಗ್ತಾ ಐತೆ, ಯಜಮಾನ್ರೇ."

ದುರ್ಗಾಂಬಿಕಾ ಕಿವಿಯ ಬಳಿ ಬಂದು, "ಮಾಂತುಗೆ ಫೋನ್ ಹಚ್ಚಲಾ?" ಎಂದಳು.

"ಅಂಗಡಿ ಮುಚ್ಚಿದ್ರೂ ಸೈ, ಅವನ ಮುಂದೆ ತಲೆ ಬಗ್ಗಿಸಲ್ಲ!"

ಒಂದೂವರೆ ಗಂಟೆ ಕಾದ ತಿಪ್ಪೇಶಪ್ಪ, ಬೇರೆ ಅಂಗಡಿ ನೋಡುತ್ತೇನೆಂದು ಚಪ್ಪಲಿ ಮೆಟ್ಟತೊಡಗಿದರು. ಭೀಮೇಶನ ತಲೆ ತಾನಾಗಿಯೇ ಬಗ್ಗಿತು.

ವಿಡಿಯೊ ಕರೆಯಲ್ಲಿ ಮಹಾಂತೇಶ್ ವಿಷಯ ಕೇಳಿದವನೇ, "ಹೊನ್ನೂರೀ, ಬಾ ಇಲ್ಲಿ" ಎಂದು ಹೆಂಡತಿಯ ಕೈಗೆ ಫೋನ್ ಕೊಟ್ಟುಬಿಟ್ಟ. ಹೊನ್ನೂರಮ್ಮ ಹೇಳುತ್ತ ಹೋದಳು, ದುರ್ಗಾಂಬಿಕಾ ಟೈಪ್ ಮಾಡುತ್ತ ಹೋದಳು. ಲಿನಕ್ಸ್ ಹಾಕಿಸಿದ ದಿನ ಕೊಟ್ಟಿದ್ದ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ, ಕರ್ನಲ್ಲನ್ನು ಮತ್ತೆ ಕೂರಿಸಿದರು. ಅರ್ಧ ಗಂಟೆಯಲ್ಲಿ ಲಗ್ನಪತ್ರಿಕೆಗಳು ಪ್ರಿಂಟರಿನಿಂದ ಇಳಿಯತೊಡಗಿದವು.

ಭೀಮೇಶನಿಗೆ ಮಾತ್ರ ಬೇರೆಯದೇ ಸಂಭ್ರಮ! ತಿಪ್ಪೇಶಪ್ಪ ಮೆಟ್ಟಿಲಿಳಿದದ್ದೇ ತಡ, ಎದೆಯುಬ್ಬಿಸಿ ಕೇಳಿದ: "ಅಂದ್ರೆ ಲಿನಕ್ಸ್ ಹಾಕಿದ್ದು ಅವ್ಳಾ? ಹಂಗಾದ್ರೆ ನಿನ್ನ ಮಾಂತುಗೆ ಇದ್ರಾಗೆ ಏನೂ ಬರಲ್ಲ!"

"ಏನೂ ಬರಲ್ಲ ರೀ," ಎಂದಳು ದುರ್ಗಾಂಬಿಕಾ. "ಅದಕ್ಕೇ ಅವನು ಮುಟ್ಟಲ್ಲ."