ಬಗ್ಗದ ರಾಡಿನ ಜೀಪು

ನಮ್ಮ ಹಳೆಯ ಜೀಪಿಗೆ ದೊಡ್ಡ ಟೈರು ಹಾಕಿಸಿದವನು ನಾನೇ. ಗದ್ದೆಯ ಕೆಸರಿರಲಿ, ಗುಡ್ಡದ ಕಲ್ಲಿರಲಿ, ಆನೆಯಂತೆ ನುಗ್ಗುತ್ತಿತ್ತು. ಆದರೆ ಆ ಟೈರುಗಳ ಭಾರಕ್ಕೆ, ಮುಂದಿನ ಚಕ್ರಗಳೆರಡನ್ನೂ ಜೋಡಿಸುವ ಸ್ಟೇರಿಂಗ್ ರಾಡು ಅರಕಲಗೂಡಿನ ದಾರಿಯಲ್ಲಿ ಬಗ್ಗಿಹೋಯಿತು. ಚಕ್ರಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿದವು. ನನ್ನ ಹೆಂಡತಿ ಜಯಮ್ಮ ರೇಷ್ಮೆ ಸೀರೆ ಉಟ್ಟು, ತಂಗಿಯ ಗೃಹಪ್ರವೇಶಕ್ಕೆ ಯಾರದೋ ಟ್ರ್ಯಾಕ್ಟರ್ ಹತ್ತಿ ಹೋಗಬೇಕಾಯಿತು.

"ಇನ್ನೊಂದ್ಸಲ ಕೈ ಕೊಟ್ರೆ ಗುಜರಿಗೇ ಕಣ್ರೀ ಇದು," ಎಂದಳು. ಅವಳು ಹೇಳಿದರೆ ಮುಗಿಯಿತು.

ಮೆಕ್ಯಾನಿಕ್ಕನ್ನು ಕರೆಯುವುದು ನನ್ನ ಘನತೆಗೆ ಕುಂದು. ಹೊಸ ರಾಡು ತಂದು, ಅದರ ಮೇಲೆ ಬೋರ್‌ವೆಲ್ಲಿನ ಕಬ್ಬಿಣದ ಪೈಪು ತೊಡಿಸಿ, ಹೊಳೆನರಸೀಪುರದಲ್ಲಿ ವೆಲ್ಡಿಂಗ್ ಮಾಡಿಸಿ, ನನ್ನ ಕೈಯಾರೆ ಕೂರಿಸಿದೆ. ಕೊಟ್ಟಿಗೆಯಲ್ಲಿ ಬಲಗಡೆಯ ಚಕ್ರ ಗೋಡೆಗೆ ತಾಗುತ್ತಿದ್ದುದರಿಂದ ಎಡಕ್ಕೆ ಮಾತ್ರ ತಿರುಗಿಸಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು. ಎಡಕ್ಕೆ ತಿರುಗುವುದು ಬಲಕ್ಕೆ ತಿರುಗದೆ ಇದ್ದೀತೆ?

ನಮ್ಮೂರಲ್ಲಿ ಗಾಡಿಗೆ ದೊಡ್ಡ ಕೆಲಸ ಮಾಡಿಸಿದರೆ ಬಸವಣ್ಣನ ಗುಡಿಗೆ ಮೂರು ಸುತ್ತು ಹಾಕಿಸಿಯೇ ರಸ್ತೆಗೆ ಇಳಿಸುವುದು. ಗುಡಿ ನಮ್ಮ ಬೀದಿಯ ನೇರಕ್ಕೇ ಇದೆ. ಪೂಜಾರಿ ಹಾರ ಹಾಕಿ, ಟೈರಿಗೊಂದು ನಿಂಬೆಹಣ್ಣಿಟ್ಟ. ನಾನು ಗಂಭೀರವಾಗಿ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ.

ಟಕ್.

ಚಕ್ರ ಅಲ್ಲಾಡಲಿಲ್ಲ.

"ಅಂಗಾರೆ ಎಡಕ್ಕೇ ಸುತ್ತಲಾ?" ಎಂದೆ.

"ಅದು ಅಪ್ರದಕ್ಷಿಣೆ ಆಯ್ತದೆ ಗೌಡ್ರೇ, ಮನೆ ಮುಳುಗೋಯ್ತದೆ," ಎಂದ ಪೂಜಾರಿ.

ಪಕ್ಕದ ಮನೆಯ ರಾಜಣ್ಣ ಜೇಬಿಗೆ ಕೈ ಹಾಕಿದ. "ಅಕ್ಕಾ, ಗುಜರಿಯವನ್ಗೆ ಪೋನ್ ಮಾಡ್ಬುಡ್ಲಾ?"

"ಮಾಡಪ್ಪಾ," ಎಂದಳು ಜಯಮ್ಮ.

ಆಗ ನನಗೊಂದು ಉಪಾಯ ಹೊಳೆಯಿತು. ಗುಡಿಯ ಮುಂದಿನ ಮೈದಾನದಲ್ಲಿ ಎಡಕ್ಕೇ ತಿರುಗಿಸಿ ಜೀಪಿನ ಮೂತಿ ಹಿಂದುಮುಂದು ಮಾಡಿದೆ. ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದು ರಿವರ್ಸ್ ಗೇರು ಹಾಕಿದೆ. ಸುತ್ತು ಸರಿಯಾಗಿ ಬಲಕ್ಕೇ ಬಂತು! ಕತ್ತು ಹಿಂದಕ್ಕೆ ಹೊರಳಿಸಿಕೊಂಡು ಮೂರು ಪ್ರದಕ್ಷಿಣೆ. ಗುಡಿಯ ಒಂದು ಕಲ್ಲಿಗೂ ತಾಗಿಸಲಿಲ್ಲ. ಈ ವಯಸ್ಸಿನಲ್ಲಿ ಹಾಸನ ಜಿಲ್ಲೆಯಲ್ಲಿ ಇನ್ಯಾರು ಮಾಡಿಯಾರು?

ಪೂಜಾರಿ ತಲೆ ಕೆರೆದುಕೊಂಡ. "ಸುತ್ತೇನೋ ಸರಿಯಾಗೇ ಬಂತು. ಇಂಗೆ ಬ್ಯಾಡ ಅಂತ ಯಾರೂ ಯೋಳಿಲ್ಲ."

ವಾಪಸು ಬರುವಾಗ ಮನೆಗೆ ಬಲಕ್ಕೇ ತಿರುಗಬೇಕು, ಹಾಗಾಗಿ ಅಲ್ಲಿಯವರೆಗೂ ರಿವರ್ಸೇ. ರಾಜಣ್ಣ ದಾರಿಯುದ್ದಕ್ಕೂ ಜೀಪಿನ ಹಿಂಬದಿಯಲ್ಲಿ ಓಡುತ್ತ ಕೋಳಿಗಳನ್ನು ಓಡಿಸಿದ. ಮನೆಯಲ್ಲಿ ಜೀಪಿನಡಿ ತೂರಿ ನೋಡಿದರೆ, ನನ್ನ ದಪ್ಪ ಪೈಪು ಆಕ್ಸಲ್ಲಿನ ಉಬ್ಬಿದ ಹೊಟ್ಟೆಗೆ ತಾಗಿ, ರಾಡು ಬಲಕ್ಕೆ ಸರಿಯದಂತೆ ನಿಂತಿತ್ತು. ತಪ್ಪು ನನ್ನದೇ, ಒಪ್ಪಿಕೊಂಡೆ.

ಅಷ್ಟರಲ್ಲಿ ಗುಜರಿಯವನು ಬಂದೇಬಿಟ್ಟ.

"ಜೀಪು ದೇವ್ರ ಸುತ್ತು ಮುಗಿಸೈತೆ, ಅದು ಇರ್ಲಿ," ಎಂದಳು ಜಯಮ್ಮ. "ಆದ್ರೆ ಕರೆಸಿದ್ಮೇಲೆ ಬರಿಗೈಲಿ ಕಳ್ಸಕಾಯ್ತದಾ? ನಮ್ಮನೆಯೋರ ಸ್ಪ್ಯಾನರ್ ಪೆಟ್ಟಿಗೆ ತಗೊಂಡೋಗಪ್ಪಾ."

ರಾಡು ಇವತ್ತಿಗೂ ಬಗ್ಗಿಲ್ಲ. ಬಗ್ಗಿ ಪೆಟ್ಟಿಗೆ ಎತ್ತಿಕೊಟ್ಟವನು ನಾನು.