ಬಿಳಿ ಸೀರೆಯ ದೆವ್ವಕ್ಕೊಂದು ಗಂಡು

ದೆವ್ವದ ಸಿನೆಮಾಕ್ಕೆ ಹೆದರದವರು ಬೇಕಾದಷ್ಟು ಮಂದಿ ಇದ್ದಾರೆ. ಆ ದೆವ್ವಕ್ಕೆ ಗಂಡು ಹುಡುಕಲು ಹೊರಟವರು, ನನಗೆ ತಿಳಿದಂತೆ, ಬಂಟ್ವಾಳದ ನನ್ನ ಅತ್ತೆ ಒಬ್ಬರೇ!

ಅತ್ತೆ ಎಂದರೆ ಅಪ್ಪನ ಅಕ್ಕ. ನೇತ್ರಾವತಿಯ ನೀರು ಪೇಟೆಗೆ ನುಗ್ಗಿ ಊರೇ ಕಂಗಾಲಾಗಿದ್ದಾಗ ಅಟ್ಟದ ಮೇಲೆ ಕುಳಿತು, “ಇನ್ನು ಸಿನೆಮಾದ ಟೆಂಟು ಹಾಕುವ ಗದ್ದೆ ಒಣಗುವುದು ಯಾವಾಗ?” ಎಂದು ಚಿಂತಿಸಿದವರು. ಸಿನೆಮಾ ನೋಡುವ ಹುಚ್ಚಿಗಿಂತ ತೀರ್ಪು ಕೊಡುವ ಹುಚ್ಚು ದೊಡ್ಡದು. ಪರದೆಯ ಮೇಲಿನ ಕೃಷ್ಣನ ಕಿರೀಟ ಓರೆಯಾದರೆ, “ಸರಿ ಮಾಡ್ಕೊ ಮಾರಾಯ!” ಎಂದು ಕೈಸನ್ನೆ ಮಾಡುತ್ತಿದ್ದರು.

ಇಂಥ ಅತ್ತೆಗೆ ಒಂದೇ ಕೊರಗು. ನನ್ನದೇ ವಯಸ್ಸಿನ ಅವರ ಒಬ್ಬಳೇ ಮಗಳು ನಾಲ್ಕು ವರ್ಷದವಳಿದ್ದಾಗ ಜ್ವರದಲ್ಲಿ ತೀರಿಕೊಂಡಿದ್ದಳು. ನಮ್ಮ ಕಡೆ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ, ಅವರಂತೆಯೇ ಎಳವೆಯಲ್ಲಿ ತೀರಿಹೋದ ಗಂಡನ್ನು ನೋಡಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಮಾಡಿಸುತ್ತಾರೆ. ಅತ್ತೆ ಬೆಳ್ತಂಗಡಿ ಕಡೆಯ ಸಂಬಂಧವೊಂದನ್ನು ಗೊತ್ತು ಮಾಡಿಯೂ ಆಗಿತ್ತು. ಆದರೆ ಧಾರೆಗೆ ಸೋದರಮಾವ ನಿಲ್ಲಬೇಕಲ್ಲ? ಆ ಸೋದರಮಾವ ನನ್ನ ಅಪ್ಪ. ಮೂಡುಬಿದಿರೆಯಲ್ಲಿ ವಿಜ್ಞಾನದ ಮಾಸ್ಟ್ರು!

“ಸತ್ತವರಿಗೆ ಎಂಥ ಮದುವೆ ಅಕ್ಕ? ನಾನು ನಿಲ್ಲುವುದಿಲ್ಲ” ಎಂದುಬಿಟ್ಟಿದ್ದರು.

ನಾನು ಬಿ.ಎ. ಮುಗಿಸಿ ಬಂದ ಬೇಸಗೆಯಲ್ಲಿ ಮೂಡುಬಿದಿರೆಯ ಟೆಂಟಿಗೆ ದೆವ್ವದ ಸಿನೆಮಾ ಬಂತು. ಅತ್ತೆ ಬಂಟ್ವಾಳದಿಂದ ಬಸ್ಸು ಹತ್ತಿ ಬಂದೇಬಿಟ್ಟರು. ಮೂವರೂ ಮೊದಲ ಆಟಕ್ಕೆ ಹೋದೆವು. ನಡುವೆ ತಟ್ಟಿಯ ಗೋಡೆ. ಹೆಂಗಸರ ಬದಿಯಲ್ಲಿ ನಾವು, ಆಚೆ ಅಪ್ಪ.

ಅಷ್ಟು ಬಡಪಾಯಿ ಸಿನೆಮಾವನ್ನು ನಾನು ಮತ್ತೆ ನೋಡಿಲ್ಲ. ನಾಯಕ ಒರಗಿದರೆ ಪಾಳುಬಂಗಲೆಯ ಕಲ್ಲುಗೋಡೆ ತೂಗುತ್ತಿತ್ತು! ಬಾವಲಿಯ ದಾರ ಕೊನೆಯ ಬೆಂಚಿಗೂ ಕಾಣುತ್ತಿತ್ತು. ಜೇಡರ ಬಲೆ ಎಂದು ಕಟ್ಟಿದ್ದು ಮೀನಿನ ಬಲೆ ಎಂದು ಅತ್ತೆ ತೀರ್ಪಿತ್ತರು. ಬಿಳಿ ಸೀರೆಯ ದೆವ್ವ ಮೋಂಬತ್ತಿ ಹಿಡಿದು ಅಳುತ್ತ ಬಂದಾಗ ಸುತ್ತಲಿನವರೆಲ್ಲ ಚೀರಿದರು. ಅತ್ತೆ ಮಾತ್ರ, “ಹೆದರುವುದೆಂತಕ್ಕೆ? ಪಾಪದ ಹುಡುಗಿ!” ಎಂದರು.

ಅಷ್ಟರಲ್ಲಿ ಮಂತ್ರವಾದಿಯೊಬ್ಬ ಅವಳನ್ನು ಕುಪ್ಪಿಗೆ ತುಂಬಿಸಲು ಹೊರಟ. ಅತ್ತೆ ಎದ್ದು ನಿಂತರು!

“ಹೋಯ್! ಅವಳಿಗೆ ಎಂತ ಬೇಕೂಂತ ಮೊದಲು ಕೇಳು! ಮದುವೆಯಾಗದೆ ಸತ್ತ ಹೆಣ್ಣು. ಒಂದು ಗಂಡು ನೋಡಿ ಧಾರೆ ಎರೆದರೆ ಮುಗೀತು!”

“ಗಂಡು ನೀವೇ ಹುಡುಕಿ ಅಮ್ಮ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಹುಡುಕ್ತೇನೆ! ಜಾತಕ ಉಂಟಾ ಕೇಳು!”

ಟೆಂಟಿಗೆ ಟೆಂಟೇ ನಕ್ಕಿತು. ತಟ್ಟಿಯಾಚೆಯಿಂದ ಅಪ್ಪನ ನಗುವೂ ಕೇಳಿತು. “ಅಕ್ಕಾ, ಕೂತ್ಕೊ ಮಾರಾಯ್ತಿ!”

ಪರದೆಯ ಮೇಲೆ ಆ ಹುಡುಗಿ ಬಾಗಿಲಿಂದ ಬಾಗಿಲಿಗೆ ಹೋಗಿ ತಟ್ಟುತ್ತಿದ್ದಳು. ಯಾರೂ ತೆರೆಯಲಿಲ್ಲ. ಅತ್ತೆ ಕುಳಿತರು. ಆದರೆ ಅವರ ಮೆಲುದನಿಯೂ ಸಣ್ಣದಲ್ಲ.

“ಇವಳಿಗೆ ಸೋದರಮಾವ ಇಲ್ಲವಾ?”

ಜನ ಮತ್ತೆ ನಕ್ಕರು. ಈ ಸಲ ತಟ್ಟಿಯಾಚೆ ನನಗೆ ಗುರುತಿದ್ದ ನಗು ಕೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಕೊನೆಯ ತೀರ್ಪು ಕೊಟ್ಟರು: “ಬಾವಲಿ ಆಗಲಿಕ್ಕಿಲ್ಲ. ಹುಡುಗಿ ಅಡ್ಡಿಲ್ಲ.”

ಆಟಿ ಹಿಡಿದ ಮೇಲೆ ಒಂದು ಸಂಜೆ ಅಪ್ಪ ಕೊಡೆ ಬಿಡಿಸಿ, ಬಾ ಎಂದು ನನ್ನನ್ನು ಬಳೆಯಂಗಡಿಗೆ ಕರೆದುಕೊಂಡು ಹೋದರು. ಹಸಿರು ಬಳೆ ಕೇಳಿದರು.

“ಯಾವ ಅಳತೆ ಮಾಸ್ಟ್ರೆ?” ಎಂದ ಅಂಗಡಿಯವ.

ಅಪ್ಪ ತಬ್ಬಿಬ್ಬಾದರು. ತಮ್ಮ ಬೆರಳು ಹಿಡಿಯುತ್ತಿದ್ದ ಪುಟ್ಟ ಕೈಯೊಂದೇ ಅವರಿಗೆ ಗೊತ್ತಿದ್ದದ್ದು. ನನ್ನ ಮಣಿಕಟ್ಟು ಹಿಡಿದು ಮೆಲ್ಲನೆ ಅವನ ಮುಂದಿಟ್ಟರು.

“ನನ್ನ ಸೊಸೆಗೆ. ಇವಳದ್ದೇ ಪ್ರಾಯ” ಎಂದರು. “ಕೈ ಈಗ ಇಷ್ಟಾಗಿರಬಹುದು.”